ಸುಲೊ ತುಂಬಿದ ತೋಟಾ

ಸುಲೊ ಕಂಗಸ್ ತೀರಿಕೊಂಡು ಎರಡು ವರ್ಷವಾಯಿತು. ಊರಿನವರು ಅವನ ಮಾತೆತ್ತಿದಾಗಲೆಲ್ಲ ಕೈಯ ಅಚ್ಚುಕಟ್ಟನ್ನು ಹೊಗಳಿ, ಆಮೇಲೆ ನನ್ನ ಕಡೆ ತಿರುಗುತ್ತಾರೆ. "ನೀನು ಹೇಳು ಆರ್ಮಸ್, ನೀನಲ್ವಾ ಅವನ ಜೀವದ ಗೆಳೆಯ?" ಎನ್ನುತ್ತಾರೆ. ನಾನು ಹಿಮದ ವಿಷಯವನ್ನೋ ದೋಣಿಯ ವಿಷಯವನ್ನೋ ತೆಗೆದು ಜಾರಿಕೊಳ್ಳುತ್ತೇನೆ. ಅವನ ಕಥೆ ಹೇಳಹೊರಟರೆ ನನ್ನದೂ ಹೊರಗೆ ಬರುತ್ತದೆ. ಇವತ್ತು ಬರಲಿ.

ಸುಲೊ ಕಬ್ಬಿಣದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಮನೆಯ ನೆಲಮಾಳಿಗೆಯಲ್ಲಿ ಅವನಿಗೊಂದು ಮೇಜು, ಔಷಧಿ ಅಂಗಡಿಯವರದಕ್ಕಿಂತ ಸೂಕ್ಷ್ಮವಾದ ಒಂದು ತಕ್ಕಡಿ. ಖಾಲಿ ಹಿತ್ತಾಳೆ ತೋಟಾಗಳನ್ನು ತೊಳೆದು, ಸಿಡಿಮದ್ದನ್ನು ತೂಗಿ ತುಂಬಿ, ಮೇಲೆ ಗುಂಡು ಕೂರಿಸಿ, ಡಬ್ಬಿಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದಿಡುತ್ತಿದ್ದ. ಮಿಶಿಗನ್‌ನ ಈ ಉತ್ತರದ ತುದಿಯಲ್ಲಿ ನವೆಂಬರ್ ಹದಿನೈದು ಎಂದರೆ ಜಿಂಕೆ ಬೇಟೆಯ ಮೊದಲ ದಿನ, ಶಾಲೆಗೂ ರಜೆ. ಅವತ್ತು ಕಾಡಿನೊಳಗಿನ ನಮ್ಮ ಬೇಟೆ ಕ್ಯಾಂಪಿನ ಪ್ರತಿಯೊಂದು ಕೋವಿಯಲ್ಲೂ ಸುಲೊ ತುಂಬಿದ ತೋಟಾವೇ ಇರಬೇಕು. ಅಂಗಡಿಯ ತೋಟಾ ತಂದವನನ್ನು, ಮದುವೆ ಮನೆಗೆ ಬುತ್ತಿ ಕಟ್ಟಿಕೊಂಡು ಬಂದವನ ಹಾಗೆ ನೋಡುತ್ತಿದ್ದ.

ಅವನಿಗಿದ್ದ ಒಂದೇ ಹುಚ್ಚು ಕಾಗದದ ಗುರಿ. ನೂರು ಗಜ ದೂರದ ಕಾಗದಕ್ಕೆ ಮೂರು ಗುಂಡು ಹೊಡೆದರೆ ಮೂರೂ ತೂತು ಒಂದಕ್ಕೊಂದು ಅಂಟಿಕೊಂಡಿರಬೇಕು. ಅಂಥ ಕಾಗದಗಳನ್ನು ಜೇಬಿನಲ್ಲಿಟ್ಟುಕೊಂಡು, ಬೇರೆಯವರು ಮೊಮ್ಮಕ್ಕಳ ಫೋಟೊ ತೋರಿಸುವಂತೆ ತೋರಿಸುತ್ತಿದ್ದ.

ಅವನ ತಮ್ಮ ವೈನೊ ಹೃದಯಾಘಾತವಾಗಿ ಸತ್ತ ಮರುವರ್ಷದ ಬೇಸಿಗೆಯಲ್ಲಿ ವೈನೊನ ಹೆಂಡತಿ ಐಲಿ ಬಂದು, "ಭಾವ, ಈ ಸಲ ಬೇಟೆಗೆ ಅವರ ಜಾಗದಲ್ಲಿ ನಾನು ಕೂತ್ಕೋತೀನಿ" ಎಂದಳು. ನಮ್ಮ ಕ್ಯಾಂಪಿಗೆ ಅಲ್ಲಿಯವರೆಗೆ ಹೆಂಗಸರು ಕಾಲಿಟ್ಟಿರಲಿಲ್ಲ. ಸುಲೊ ಒಪ್ಪಿದ. ಹೆಗಲಿಗೆ ಪೆಟ್ಟು ಕಡಿಮೆ ಇರಲೆಂದು ಅವಳಿಗೊಂದು ಸಣ್ಣ ಕೋವಿ ಆರಿಸಿಕೊಟ್ಟು, ಬೇಸಿಗೆಯಿಡೀ ಕಲಿಸಿದ. ಆದರೆ ಆ ಕೋವಿಗೆ ಜಿಂಕೆಗೆಂದು ಮಾಡಿದ ಭಾರದ ಗುಂಡು ಹಾಕಿದರೆ ಕಾಗದದ ತೂತುಗಳು ಅಂಗೈಯಗಲ ಚದುರುತ್ತಿದ್ದವು. ಒಂದು ತಿಂಗಳು ಒದ್ದಾಡಿ ಕೊನೆಗೆ ಹಗುರವಾದ ಇನ್ನೊಂದು ಗುಂಡು ಹಾಕಿ ನೋಡಿದ. ಮೂರೂ ತೂತು ಒಂದಾದವು.

ನಾನು ಕಸಾಯಿ. ಸೀಸನ್ನಿನಲ್ಲಿ ಊರಿನ ಅರ್ಧ ಜಿಂಕೆಗಳು ನನ್ನ ಶೆಡ್ಡಿನಲ್ಲೇ ತುಂಡಾಗುತ್ತವೆ, ಆದ್ದರಿಂದ ಯಾವ ಗುಂಡು ಒಳಗೆ ಏನು ಮಾಡುತ್ತದೆ ಎಂಬುದು ನನಗೆ ಗೊತ್ತು. ಜಿಂಕೆಯ ಗುಂಡು ಮೂಳೆ ದಾಟಿ ಒಳಗೆ ಹೋಗಬೇಕು, ಹೋಗುತ್ತಾ ಅಣಬೆಯ ಹಾಗೆ ಅರಳಬೇಕು, ಅರಳಿದರೂ ಚೂರಾಗಬಾರದು. ಸುಲೊ ತೋರಿಸಿದ್ದು ತೆಳು ತಾಮ್ರದ ಹೊದಿಕೆಯ, ತುದಿಯಲ್ಲಿ ತೂತಿದ್ದ ಗುಂಡು, ತಾಗಿದಲ್ಲೇ ಸಿಡಿಯುವಂಥದ್ದು.

"ಇದು ನರಿಗೆ ಹೊಡೆಯೋದಲ್ವೇನೋ?" ಎಂದೆ.

"ನೀನು ಚಾಕು ಹಿಡಿಯೋದು ನೋಡ್ಕೋ. ಗುಂಡು ಹೋಗಬೇಕಾದ ಕಡೆ ಹೋದ್ರೆ ಜಿಂಕೆ ಅದರ ಜಾತಕ ಕೇಳಲ್ಲ."

ನಾನು ನಕ್ಕು ಸುಮ್ಮನಾದೆ. ಇನ್ನೊಂದು ಮಾತು ಆಡಬಹುದಿತ್ತು, ಆಡಲಿಲ್ಲ.

ನವೆಂಬರ್ ಹದಿನೈದರ ಬೆಳಿಗ್ಗೆ ಎಂಟಕ್ಕೆ ಐಲಿಯ ಕೋವಿಯ ಸದ್ದು ಕೇಳಿತು. ಒಂದೇ ಗುಂಡು. ನಾನೂ ಸುಲೊನೂ ಹೋದಾಗ ಅವಳು ಮರದ ಕೆಳಗೆ ನಿಂತಿದ್ದಳು. ನಲವತ್ತು ಹೆಜ್ಜೆ ದೂರದಲ್ಲಿ ಎಂಟು ಕವಲು ಕೊಂಬಿನ ಗಂಡು ಜಿಂಕೆ, ಪಕ್ಕೆ ತಿರುಗಿಸಿ ನಿಂತಿತ್ತಂತೆ.

"ಭುಜಕ್ಕೇ ಇಟ್ಟೆ ಭಾವ, ನೀವು ಹೇಳಿಕೊಟ್ಟ ಹಾಗೇ. ಮುಂದಿನ ಕಾಲು ಮಡಚಿ ಬಿತ್ತು, ಮತ್ತೆ ಎದ್ದು ಓಡ್ತು."

ಹಿಮದ ಮೇಲೆ ಒಂದು ಹಿಡಿ ಕೂದಲು, ಸ್ವಲ್ಪ ರಕ್ತ. ನೂರು ಹೆಜ್ಜೆ ಹೋಗುವಷ್ಟರಲ್ಲಿ ರಕ್ತವೂ ನಿಂತಿತು. ಮಧ್ಯಾಹ್ನ ಎರಡರವರೆಗೆ ಹೆಜ್ಜೆ ಹಿಡಿದು ನಡೆದೆವು. ಆಮೇಲೆ ಸೀಡರ್ ಮರಗಳ ಜೌಗಿನಲ್ಲಿ ಅದರ ಹೆಜ್ಜೆ ಇಪ್ಪತ್ತು ಜಿಂಕೆಗಳ ಹೆಜ್ಜೆಯೊಳಗೆ ಸೇರಿಹೋಯಿತು. ಸುಲೊನಿಗೆ ಆಗಲೇ ಆ ಗುಂಡಿನ ಮೇಲೆ ಅನುಮಾನ ಬಂದಿತ್ತು ಎಂದು ನನಗೆ ಗೊತ್ತು, ಏಕೆಂದರೆ ನನಗೂ ಬಂದಿತ್ತು.

ಗುರಿ ತಪ್ಪಿದವರ ಅಂಗಿಯ ಹಿಂಬದಿಯ ಕೆಳತುದಿ ಕತ್ತರಿಸಿ, ಹೆಸರು ಬರೆದು ತೊಲೆಗೆ ಮೊಳೆ ಹೊಡೆಯುವುದು ನಮ್ಮ ಕ್ಯಾಂಪಿನ ಪದ್ಧತಿ. ನಮ್ಮೆಲ್ಲರ ಬಟ್ಟೆಯೂ ಅಲ್ಲಿ ನೇತಾಡುತ್ತಿದೆ. ಸೌನದ ಬಿಸಿ ಹಬೆಯಲ್ಲಿ ಬೆವರಿಳಿಸಿ ಊಟಕ್ಕೆ ಕೂತಾಗ ಒನ್ನಿ ಮೇಜು ಕುಟ್ಟಿದ. ಒನ್ನಿ ನಮ್ಮಲ್ಲಿ ಬಾಯಿಬಡುಕ.

"ಜಿಂಕೆ ಎಲ್ಲಿ ತಾಯಿ? ಭುಜಕ್ಕೆ ಹೊಡೆದ್ಯಂತೆ, ಅದು ಭುಜ ಕೊಡವಿಕೊಂಡು ಮನೆಗೆ ಹೋಯ್ತಾ?"

"ತಗುಲಿದೆ" ಎಂದಳು ಐಲಿ. "ಕಣ್ಣಾರೆ ನೋಡಿದೀನಿ."

"ಕಣ್ಣು ಮುಚ್ಕೊಂಡು ಹೊಡೆದೋರಿಗೆ ಕಣ್ಣಾರೆ ಕಾಣೋದು ಹ್ಯಾಗೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಐಲಿ ಸುಲೊನ ಮುಖ ನೋಡಿದಳು. ಸುಲೊ ತಟ್ಟೆ ನೋಡುತ್ತಿದ್ದ. ಅವನ ತೋಟಾ ಅದು, ಒಂದು ಮಾತು ಸಾಕಾಗಿತ್ತು.

ಅವಳು ತೊಟ್ಟಿದ್ದು ವೈನೊನ ಕೆಂಪು ಚೌಕಳಿಯ ಉಣ್ಣೆ ಅಂಗಿ. ಕತ್ತರಿ ಹಿಡಿಯುವುದು ಯಾವಾಗಲೂ ಹಿರಿಯನ ಕೆಲಸ, ಅಂದರೆ ಸುಲೊನದು. ಅವನು ಎದ್ದ, ಕತ್ತರಿಸಿದ. ಸತ್ತ ತಮ್ಮನ ಅಂಗಿಯನ್ನು ತನ್ನ ಕೈಯಾರೆ, ತನ್ನ ತಪ್ಪಿಗೆ. ಐಲಿ ಅಳಲಿಲ್ಲ. ಬೆಳಿಗ್ಗೆ ಎಲ್ಲರಿಗೂ ಕಾಫಿ ಕಾಯಿಸಿಟ್ಟು ಮನೆಗೆ ಹೋದಳು.

ನಾಲ್ಕನೆಯ ದಿನ ಜೌಗಿನ ಆಚೆಯ ಕ್ಯಾಂಪಿನವರು ನನ್ನ ಶೆಡ್ಡಿಗೆ ಎಂಟು ಕವಲು ಕೊಂಬಿನ ಒಂದು ಗಂಡು ಜಿಂಕೆಯನ್ನು ತಂದರು. "ಮೂರು ಕಾಲಲ್ಲಿ ಕುಂಟ್ತಾ ಇತ್ತು, ಪಾಪ, ಮುಗಿಸಿಬಿಟ್ವಿ" ಎಂದರು. ಚರ್ಮ ಸುಲಿದಾಗ ನಾತ ಹೊಡೆಯಿತು. ಎಡಭುಜದ ಮೇಲೆ ಊಟದ ತಟ್ಟೆಯಗಲದ ಗಾಯ, ಕೀವು ತುಂಬಿದ್ದು, ಆದರೆ ಎರಡು ಬೆರಳಷ್ಟೂ ಆಳವಿಲ್ಲ. ಗುಂಡು ಭುಜದ ಮೂಳೆಗೆ ತಾಗಿದ ಕೂಡಲೇ ಸಿಡಿದು ಅಲ್ಲೇ ಮುಗಿದುಹೋಗಿತ್ತು. ತೆಳು ತಾಮ್ರದ ಚೂರುಗಳನ್ನು ನನ್ನ ಬೆರಳುಗಳೇ ಹೆಕ್ಕಿದವು. ಐಲಿ ಇಟ್ಟ ಗುರಿ ಒಂದಿಂಚೂ ತಪ್ಪಿರಲಿಲ್ಲ.

ಸುಲೊನನ್ನು ಕರೆಸಿದೆ. ಅವನು ಬಂದು ಆ ಭುಜದ ಮೇಲೆ ಬಗ್ಗಿ ನೋಡಿದ.

"ನಾಲ್ಕು ದಿನ ಹೀಗೇ ನಡೆದಾಡಿದೆ ಇದು" ಎಂದ. ಆಮೇಲೆ, "ಯಾರಿಗೂ ಹೇಳ್ಬೇಡ ಕಣೋ ಆರ್ಮಸ್" ಎಂದ.

"ಇಲ್ಲ ಬಿಡು" ಎಂದೆ. ಗೆಳೆಯನ ಮಾನ ಉಳಿಸಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಥೂ, ಎಂಥ ಗೆಳೆತನವೋ! ಒಬ್ಬ ಹೆಂಗಸಿನ ಮಾನ ತೆಗೆದು ಇಬ್ಬರು ಗಂಡಸರು ಹಂಚಿಕೊಂಡ ಗುಟ್ಟು ಅದು.

ಜನವರಿಯಲ್ಲಿ ದಿನಸಿ ಅಂಗಡಿಯ ಬಾಗಿಲಿಗೆ ಐಲಿ ಒಂದು ಚೀಟಿ ಅಂಟಿಸಿದಳು: ಕೋವಿ ಮಾರಾಟಕ್ಕಿದೆ, ಬೇಟೆಗೆ ಒಂದೇ ಸಲ ಬಳಸಿದ್ದು. ಒನ್ನಿ ಅದರ ಕೆಳಗೆ ಪೆನ್ಸಿಲಿನಲ್ಲಿ "ಅದೂ ಗಾಳಿಗೆ" ಎಂದು ಬರೆದ. ಸುಲೊ ಅದನ್ನು ಓದಿ ನೇರ ನನ್ನ ಶೆಡ್ಡಿಗೆ ಬಂದ. "ಬಾ, ಐಲಿ ಮನೆಗೆ ಹೋಗೋಣ. ಒಬ್ನೇ ಹೋದ್ರೆ ಬಾಗಿಲಿಂದಲೇ ವಾಪಸ್ ಬಂದ್ಬಿಡ್ತೀನಿ."

ಅವಳ ಅಡುಗೆಮನೆಯಲ್ಲಿ ಕೂತು ಸುಲೊ ಎಲ್ಲವನ್ನೂ ಹೇಳಿದ. ನರಿಯ ಗುಂಡು, ಕಾಗದದ ತೂತುಗಳು, ಕೊಳೆತ ಭುಜ. ಎಲ್ಲೂ ಮುಚ್ಚಿಡಲಿಲ್ಲ, ಅಷ್ಟು ಮಾತ್ರ ನಾನು ಅವನ ಪರವಾಗಿ ಹೇಳಬಲ್ಲೆ. ಹೇಳುವಾಗ ಅವನ ದೊಡ್ಡ ಕೈಗಳು ಮೇಜಿನ ಕೆಳಗಿದ್ದವು.

ಐಲಿ ಕೇಳಿಸಿಕೊಂಡಳು. "ತಗುಲಿದ್ದು ನನಗೆ ಗೊತ್ತಿತ್ತು ಭಾವ. ನನಗೆ ಹೇಳೋ ಅಗತ್ಯ ಇರಲಿಲ್ಲ. ಅಂಗಿ ಕತ್ತರಿಸಿದ್ದು ಈ ಅಡುಗೆಮನೇಲಲ್ಲವಲ್ಲ."

"ತಪ್ಪಾಯ್ತು ಐಲಿ."

"ಹೌದು, ತಪ್ಪಾಯ್ತು" ಎಂದಳು. ಕಾಫಿ ಕೊಟ್ಟಳು, ನಾವು ಕುಡಿದೆವು. ಅಷ್ಟು ಕಹಿ ಕಾಫಿಯನ್ನು ನಾನು ಮತ್ತೆಂದೂ ಕುಡಿದಿಲ್ಲ.

ಮುಂದಿನ ಭಾನುವಾರ ಪ್ರಾರ್ಥನೆ ಮುಗಿಸಿ ಊರೆಲ್ಲ ಚರ್ಚಿನ ಕೆಳಗಿನ ಸಭಾಂಗಣದಲ್ಲಿ ಕಾಫಿಗೆ ಸೇರಿತ್ತು. ಐಲಿ ಏಲಕ್ಕಿ ಬ್ರೆಡ್ಡು ಕೊಯ್ಯುತ್ತಿದ್ದಳು. ಸುಲೊ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಗಣಿಯ ಯೂನಿಯನ್ ಸಭೆಯಲ್ಲೂ ಬಾಯಿ ತೆರೆಯದವನು. ಕತ್ತಿನವರೆಗೆ ಕೆಂಪಾಗಿ, ಮಾತು ಎಡವುತ್ತಾ ಹೇಳಿದ.

"ಐಲಿ ಗುರಿ ಸರಿಯಾಗೇ ಇತ್ತು. ಕೆಟ್ಟದ್ದು ನನ್ನ ಗುಂಡು. ಗೊತ್ತಿದ್ದೂ ನಾನು ವೈನೊ ಅಂಗಿ ಕತ್ತರಿಸ್ದೆ. ಇನ್ಮೇಲೆ ಯಾರ ಕೋವಿಗೂ ತೋಟಾ ತುಂಬಲ್ಲ."

ಹಾಗೇ ನಡೆದುಕೊಂಡ. ಸಾಯುವವರೆಗೆ ಆ ತಕ್ಕಡಿ ಮುಟ್ಟಲಿಲ್ಲ. ಮೂವತ್ತು ವರ್ಷ ಅವನ ಹೆಸರು ನಿಂತಿದ್ದೇ ಆ ತಕ್ಕಡಿಯ ಮೇಲೆ.

ಅವತ್ತು ಅಲ್ಲಿ ಒನ್ನಿ ಕೈ ಬೀಸಿ, "ಅಯ್ಯೋ ಬಿಡು ಮಾರಾಯ, ತಮಾಷೆಗೆ ಮಾಡಿದ್ದು" ಎಂದ.

ಐಲಿ ಚಾಕು ಕೆಳಗಿಟ್ಟಳು. "ತಮಾಷೆ ತಾನೇ? ಹಾಗಾದ್ರೆ ಅವತ್ತು ಯಾರ್ಯಾರು ನಕ್ರಿ, ಕೈ ಎತ್ತಿ. ನಾನೂ ಒಂದ್ಸಲ ನೋಡ್ತೀನಿ."

ಮೊದಲು ಎದ್ದದ್ದು ಸುಲೊನ ಕೈ. ಅವನು ಅವತ್ತು ನಕ್ಕೇ ಇರಲಿಲ್ಲ. ಆಮೇಲೆ ಒಂದೊಂದಾಗಿ ಉಳಿದವರದು, ಕಡೆಗೆ ಒನ್ನಿಯದೂ. ನನ್ನ ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಬ್ರೆಡ್ಡು. ನನ್ನ ಹೆಂಡತಿ, ಪಾದ್ರಿ, ಶೆಡ್ಡಿಗೆ ಜಿಂಕೆ ತರುವ ಗಿರಾಕಿಗಳು ಎಲ್ಲರೂ ಅಲ್ಲೇ ಇದ್ದರು. ಲೋಟ ಕೆಳಗಿಡಲು ಪಕ್ಕದಲ್ಲೇ ಮೇಜಿತ್ತು. ನಾನು ಇಡಲಿಲ್ಲ.

ಐಲಿ ಕೈಗಳನ್ನು ಎಣಿಸಿದಳು. ಆಮೇಲೆ ನನ್ನ ಹತ್ತಿರ ಬಂದು, "ಇನ್ನೊಂಚೂರು ಕಾಫಿ ಹಾಕ್ಲಾ ಆರ್ಮಸ್?" ಎಂದು ಕೇಳಿ, ಲೋಟ ತುಂಬಿಸಿ ಹೋದಳು.