ಖಾಲಿ ಬರದ ಬಟ್ಟಲು

ಮೊಬೈಲಿನಲ್ಲಿ ಒಳ್ಳೆಯ ಬರಹ ಸಿಕ್ಕಿದರೆ ನನಗೆ ಮೊದಲು ಆಗುವುದು ಸಂತೋಷವಲ್ಲ, ಅನುಮಾನ. ಇದನ್ನು ಬರೆದವರು ಯಾರು? ಕೆಳಗಿರುವ ಹೆಸರು ನಿಜವೋ, ಯಾರೋ ಆಮೇಲೆ ಅಂಟಿಸಿದ್ದೋ? ಕುಮಟೆಯ ಮೀನುಪೇಟೆಯಲ್ಲಿ ಕಿವಿರು ಎತ್ತಿ ನೋಡದೆ ಬಂಗಡೆ ಕೊಳ್ಳದವನು ನಾನು. ಬರಹವನ್ನೂ ಹಾಗೆಯೇ ಹಿಂದೆ ಮುಂದೆ ತಿರುಗಿಸಿ, ಬೇರೆ ಹೆಸರಿನಲ್ಲಿ ಇನ್ನೆಲ್ಲಾದರೂ ಇದೆಯೇ ಎಂದು ಹುಡುಕಿ, ತಾಜಾ ಎನಿಸಿದರೆ ಮಾತ್ರ ತೆಗೆದಿಡುತ್ತೇನೆ. ಹೀಗೆ ತೆಗೆದಿಟ್ಟದ್ದು ಎಷ್ಟಾಗಿದೆಯೆಂದರೆ, ಜಾಗವಿಲ್ಲ ಎಂದು ಫೋನೇ ಆಗಾಗ ಗೋಗರೆಯುತ್ತದೆ. ಅದು ಹೊಸ ಫೋನು ಮಾರುವವರ ಹುನ್ನಾರ ಎಂಬುದು ನನ್ನ ಗುಮಾನಿ.

ತೆಗೆದಿಟ್ಟದ್ದನ್ನು ಹಂಚದಿದ್ದರೆ ಹೊಟ್ಟೆ ಉಬ್ಬುತ್ತದೆ. ಆದರೆ ಯಾರಿಗೆ? ವಾಟ್ಸಾಪ್ ಗುಂಪಿಗೆ ಹಾಕಿದರೆ ಇಷ್ಟುದ್ದದ ಪ್ರಬಂಧಕ್ಕೂ ಕಣ್ಣು ಮಿಟುಕಿಸುವುದರೊಳಗೆ ಮುಗಿದ ಕೈ ಬರುತ್ತದೆ. ಓದದೆ ಮುಗಿಯುವ ಕೈಯನ್ನು ನಾನು ನಂಬುವುದಿಲ್ಲ. ಹಾಗಾಗಿ ಶಾರದಕ್ಕನೊಬ್ಬರಿಗೇ ಕಳಿಸುತ್ತಿದ್ದೆ. ಮೊದಲು ನಮ್ಮ ಪಕ್ಕದ ಮನೆಯಲ್ಲಿದ್ದವರು, ಈಗ ಮುರ್ಡೇಶ್ವರದಲ್ಲಿ ಮಗಳ ಜತೆ ಇದ್ದಾರೆ. ಪಕ್ಕದಲ್ಲಿದ್ದಾಗ ನಾವು ಕೊಟ್ಟ ಬಟ್ಟಲು ಖಾಲಿಯಾಗಿ ವಾಪಸ್ಸು ಬಂದದ್ದಿಲ್ಲ. ಏನೂ ಇಲ್ಲದಿದ್ದರೆ ಚೂರು ಸಕ್ಕರೆಯಾದರೂ ಹಾಕಿಯೇ ಕೊಡುತ್ತಿದ್ದರು.

ಫೋನಿನಲ್ಲೂ ಅದೇ ಪದ್ಧತಿ. ನಾನೊಂದು ಬರಹ ಕಳಿಸಿದರೆ ಅವರಿಂದ ಒಂದು ಆಡಿಯೋ. ಎಲ್ಲಿಂದಲೋ ಬಂದ ಭಜನೆಯನ್ನೋ ಪ್ರವಚನವನ್ನೋ ಆ ಸಕ್ಕರೆಯ ಹಾಗೆ ಹಾಕಿ ಕಳಿಸುತ್ತಿದ್ದಾರೆ, ನಾನು ಕಳಿಸಿದ್ದನ್ನು ಓದುವುದೇ ಇಲ್ಲ ಎಂದು ತೀರ್ಮಾನಿಸಿ ಒಂದನ್ನೂ ಒತ್ತಲಿಲ್ಲ. ಕಂಡದ್ದನ್ನೆಲ್ಲ ಒತ್ತಿದರೆ ಫೋನಿನೊಳಗೆ ಕಳ್ಳರು ನುಗ್ಗುತ್ತಾರೆಂದು ಬೇರೆ ಕೇಳಿದ್ದೆ.

ಆಮೇಲೆ ಆಡಿಯೋ ಬರುವುದೇ ನಿಂತಿತು. ನಾನು ಕಳಿಸುತ್ತಲೇ ಇದ್ದೆ, ಆ ಕಡೆಯಿಂದ ಬಟ್ಟಲೇ ಬರಲಿಲ್ಲ. ನನಗೆ ನಿಜವಾಗಿ ಭಯವಾಯಿತು. ಇದ್ದ ಒಬ್ಬ ಶಾರದಕ್ಕನೂ ಕೈಬಿಟ್ಟರೆ? ರೈಲು ಹತ್ತಿ ಮುರ್ಡೇಶ್ವರಕ್ಕೆ ಹೋದೆ.

ಶಾರದಕ್ಕ ಚಹಾ ಕೊಟ್ಟರು, ಮುಖ ಕೊಡಲಿಲ್ಲ. "ಶಾರದಕ್ಕ, ನಾ ಕಳ್ಸಿದ್ದು ಓದೂದೇ ಇಲ್ವಾ?" ಎಂದು ಕೇಳಿಯೇಬಿಟ್ಟೆ.

"ಸಣ್ಣ ಅಕ್ಷರ ನಂಗೆ ಕಾಣೂದಿಲ್ಲ. ಮಗಳು ಓದಿ ಹೇಳ್ತದೆ. ಅದ್ನ ಕೇಳಿ, ನಂಗೆ ನೆನಪಾದ್ದನ್ನ ನಿಂಗೆ ಹೇಳಿ ಕಳಿಸ್ತಿದ್ದೆ," ಎಂದರು. "ನೀ ಒಂದನ್ನಾದ್ರೂ ಕೇಳಿದ್ಯಾ ತಮ್ಮಾ?"

ಹೂಂ ಎಂದೆ. ಅವರು ತಮ್ಮ ಫೋನನ್ನು ನನ್ನ ಮೂಗಿನ ಮುಂದೆ ಹಿಡಿದರು. "ಎಂತ ಹೂಂ? ಕೇಳಿದ್ರೆ ಈ ಮೈಕು ನೀಲಿ ಆಗ್ತದೆ ಅಂತ ಮಗಳು ತೋರ್ಸಿದೆ. ಒಂದೂ ಆಗ್ಲಿಲ್ಲ."

ನಾನು ಓದಿದ್ದು ಯಾರಿಗೂ ತಿಳಿಯಬಾರದೆಂದು ನೀಲಿ ಗುರುತನ್ನೇ ನಿಲ್ಲಿಸಿಟ್ಟ ಜಾಣ ನಾನು. ಮೈಕಿಗೆ ಅದು ಅನ್ವಯಿಸುವುದಿಲ್ಲವೆಂದು ಗೊತ್ತಿರಲಿಲ್ಲ.

ವಾಪಸ್ಸು ಬರುವಾಗ ರೈಲಿನಲ್ಲಿ ಮೊದಲನೆಯದನ್ನು ಒತ್ತಿದೆ. ಭಜನೆಯಲ್ಲ, ಶಾರದಕ್ಕನದೇ ದನಿ. ಕೊಡೆಯ ಬಗ್ಗೆ ನಾನು ಕಳಿಸಿದ್ದ ಬರಹಕ್ಕೆ ಬದಲಾಗಿ, ತವರಿನಲ್ಲಿದ್ದ ಒಂದೇ ಕೊಡೆಗೆ ಅಕ್ಕತಂಗಿಯರು ಜಗಳಾಡಿ, ಕಡೆಗೆ ಅದನ್ನು ಮನೆಯಲ್ಲೇ ಬಿಟ್ಟು ಎಲ್ಲರೂ ನೆನೆಯುತ್ತ ಶಾಲೆಗೆ ಹೋದ ಕಥೆ. ಶರಾವತಿ ಸೇತುವೆಯ ಸದ್ದಿನಲ್ಲಿ ಸರಿಯಾಗಿ ಕೇಳಿಸದೆ ಮತ್ತೊಮ್ಮೆ ಹಾಕಿದೆ. ಇಷ್ಟು ತಾಜಾ ಆದದ್ದು ನನ್ನ ಸಂಗ್ರಹದಲ್ಲಿ ಬೇರೊಂದಿರಲಿಲ್ಲ. ಉಳಿದವನ್ನೂ ಒಂದೊಂದಾಗಿ ಕೇಳಿದೆ. ಎಲ್ಲಕ್ಕಿಂತ ಕಡೆಯದು ತೀರಾ ಚಿಕ್ಕದು: "ತಮ್ಮಾ, ಕೇಳ್ತಾ ಇದ್ಯಾ?"

ನಾಚಿಕೆಯಾಯಿತು. ಅಕ್ಕಪಕ್ಕದವರು ನೋಡುತ್ತಿದ್ದರೂ ಫೋನಿಗೆ ಬಾಯಿಟ್ಟು, "ಕೇಳ್ದೆ ಶಾರದಕ್ಕ, ಎಲ್ಲ ಕೇಳ್ದೆ," ಎಂದು ಹೇಳಿ ಕಳಿಸಿದೆ. ಕುಮಟೆಯಲ್ಲಿ ಇಳಿದವನು ಮನೆಗೆ ಹೋಗದೆ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತುಬಿಟ್ಟೆ. ನನ್ನ ಮೈಕು ಇನ್ನೂ ನೀಲಿಯಾಗಿರಲಿಲ್ಲ.