ದೊಡ್ಡಮ್ಮನ ದನಿಗೊಂದು ಸ್ಪೀಕರು

ಗಾಜಿನ ಮೇಜು ನಡುಗಿದರೆ ಸ್ಪೀಕರು ಒಳ್ಳೆಯದು ಎಂಬುದು ಆರ್.ಟಿ. ನಗರದ ಅಂಗಡಿಯವರ ಒಮ್ಮತದ ತೀರ್ಮಾನವಾಗಿತ್ತು. ಹೋದಲ್ಲೆಲ್ಲ ಮಾರುವವನು ಅಂಗೈಯಗಲದ ಡಬ್ಬವೊಂದನ್ನು ಮೇಜಿನ ಮೇಲಿಟ್ಟು, ತನ್ನ ಫೋನಿನಿಂದ ಕುಣಿತದ ಹಾಡೊಂದನ್ನು ಹಚ್ಚಿ, ನನ್ನ ಮುಖ ನೋಡುತ್ತಿದ್ದ.

"ಬೇಸ್ ನೋಡಿ ಮೇಡಂ, ಬೇಸು! ಎದೆಗೇ ಬಡಿಯುತ್ತೆ."

"ಎದೆಗೆ ಬಡಿಯೋದು ಬೇಡ. ಒಬ್ಬ ಹೆಂಗಸು ಹಾಡಿದರೆ ಮಾತು ಬಿಡಿಬಿಡಿಯಾಗಿ ಕೇಳಬೇಕು."

"ಯಾವ ಸಿಂಗರ್ ಮೇಡಂ?"

"ನಮ್ಮ ದೊಡ್ಡಮ್ಮ."

ಅವನು ನಕ್ಕ. ನಾನು ನಗಲಿಲ್ಲ.

ದೊಡ್ಡಮ್ಮ ಎಂದರೆ ಅಪ್ಪನ ಅತ್ತಿಗೆ. ಅಟ್ಟೂರಿನ ಹಳೆಯ ಊರಿನಲ್ಲಿ ಅವರು ಸೋಬಾನೆ ಹಾಡದೆ ಯಾವ ಮನೆಯ ಹೆಣ್ಣೂ ಹಸೆಗೆ ಕುಳಿತದ್ದಿಲ್ಲ. ಸೊಲ್ಲು ಎತ್ತುವವರು ಅವರು. ಉಳಿದ ಹೆಂಗಸರು ಅದನ್ನು ಹಿಡಿದು ಹಿಂದೆ ಹಾಡುವವರು. ಹೊಲಗಳು ಬಡಾವಣೆಗಳಾಗಿ, ಬಡಾವಣೆಗಳಲ್ಲಿ ಅಪಾರ್ಟ್‌ಮೆಂಟುಗಳೆದ್ದ ಮೇಲೂ ಚಪ್ಪರ ಹಾಕಿದ ಮನೆಗಳಿಂದ ಅವರಿಗೆ ಕರೆ ಬರುವುದು ನಿಂತಿರಲಿಲ್ಲ. ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡು, ಆಪರೇಷನ್ ಆಗಲೇಬೇಕು, ದನಿ ಉಳಿಯುವ ಭರವಸೆ ಇಲ್ಲ ಎಂದು ವೈದ್ಯರು ಹೇಳಿದಾಗ, ದೊಡ್ಡಮ್ಮ ಅತ್ತದ್ದು ತಮಗಾಗಿ ಅಲ್ಲ. ಕಿರಿಯ ಮಗಳ ಮದುವೆ ಇನ್ನೂ ಆಗಿರಲಿಲ್ಲ.

"ಅವ್ಳ ಅಸೆಗೆ ಬೇರೆಯೋರು ಸೊಲ್ಲು ಎತ್ಬಾರ್ದು ಕಣೇ. ನೀನು ಓದ್ದೋಳು. ನನ್ನ ಆಡ್ನ ಅದ್ರೊಳಗೆ ಇಡ್ಕೊ," ಎಂದು ನನ್ನ ಫೋನಿನ ಕಡೆ ಗಲ್ಲ ಎತ್ತಿ ತೋರಿಸಿದರು.

ಆಪರೇಷನ್ನಿಗೆ ಮೊದಲು ಒಂದು ಮಧ್ಯಾಹ್ನ, ಮಂಚದ ಮೇಲೆ ಕುಳಿತು, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಅವರು ಮದುವೆಯ ಹಾಡುಗಳನ್ನೆಲ್ಲ ಹಾಡಿದರು. ಒಂದು ಸಾಲು ಹಾಡಿ ಸುಮ್ಮನಾಗುತ್ತಿದ್ದರು, ಮತ್ತೊಂದು ಸಾಲು ಎತ್ತುತ್ತಿದ್ದರು. ನಾನು ಫೋನಿನಲ್ಲಿ ಹಿಡಿದುಕೊಂಡೆ. ಆಮೇಲೆ ಅವರ ಗಂಟಲಿನಲ್ಲಿ ಉಳಿದದ್ದು ಬರೀ ಗಾಳಿಯ ಸದ್ದು.

ಸಂಜಯನಗರದಲ್ಲಿ ಬೆಳೆದು, ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿ, ಧ್ವನಿ ಸಂಕಲನವನ್ನೂ ಕಲಿತಿದ್ದ ನಾನು ಆ ಧ್ವನಿಮುದ್ರಣವನ್ನು ಶುದ್ಧಗೊಳಿಸಿದೆ. ನಾಯಿ ಬೊಗಳಿದ್ದನ್ನು ತೆಗೆದೆ. ಕೆಮ್ಮನ್ನು, ಮಂಚ ಕಿರುಗುಟ್ಟಿದ್ದನ್ನು, ಸಾಲು ಸಾಲಿನ ನಡುವೆ ಸುಮ್ಮನೆ ಬಿದ್ದಿದ್ದ ಖಾಲಿ ಜಾಗಗಳನ್ನು ತೆಗೆದೆ. ಕಂಪ್ಯೂಟರಿನ ಪರದೆಯ ಮೇಲೆ ಆ ಜಾಗಗಳು ನೆಟ್ಟಗೆ ಮಲಗಿದ ಗೆರೆಗಳಾಗಿ ಕಾಣುತ್ತಿದ್ದವು. ಎಲ್ಲ ಮುಗಿದಾಗ ಹಾಡು ಅರ್ಧಕ್ಕಿಳಿದಿತ್ತು. ಅದನ್ನೇ ಹಳೆಯದರ ಮೇಲೆ ಉಳಿಸಿದೆ. ಅಂಥ ಅಚ್ಚುಕಟ್ಟು ಕೆಲಸವನ್ನು ಕಾಲೇಜಿನಲ್ಲೂ ಮಾಡಿರಲಿಲ್ಲ.

ಮದುವೆ ಗೊತ್ತಾದಾಗ ಸ್ಪೀಕರಿನ ಪ್ರಶ್ನೆ ಬಂತು. ದೊಡ್ಡಮ್ಮನ ಮಗ, ನನ್ನ ಅಣ್ಣ, ಕಟ್ಟಡ ಕಟ್ಟಿಸುವವನು. ಅವನಿಗೆ ಎಲ್ಲವೂ ದೊಡ್ಡದಾಗಿರಬೇಕು.

"ಡಿಜೆ ಸೆಟ್ ಹೇಳಿದ್ದೀನಲ್ಲ ಕಣಮ್ಮ, ಅದಕ್ಕೇ ಪೆನ್‌ಡ್ರೈವ್ ಹಾಕ್ಬಿಡು."

"ಅದಕ್ಕೆ ಹಾಕಿದ್ರೆ ಹೆಬ್ಬಾಳದಲ್ಲಿರೋರಿಗೆಲ್ಲ ಕೇಳುತ್ತೆ ಅಣ್ಣ, ಹಸೆ ಮೇಲೆ ಕೂತೋಳಿಗೆ ಕೇಳಲ್ಲ. ಚಿಕ್ಕದು ಸಾಕು, ಪಕ್ಕದಲ್ಲೇ ಇಡೋಣ. ನಾನೇ ನೋಡಿ ತರ್ತೀನಿ."

ನೋಡಿ ತರುವುದರಲ್ಲಿ ನನಗೆ ಹೆಸರಿತ್ತು. ಮನೆಯ ಮಿಕ್ಸಿ ಸುಟ್ಟಾಗ ಕಂಪನಿಯಿಂದ ಲಿಖಿತ ಉತ್ತರ ತರಿಸಿದವಳು ನಾನು. ಡಬ್ಬ ಬಿಚ್ಚಿದ ಕ್ಷಣವೇ ಐದು ನಕ್ಷತ್ರ ಕೊಡುವ ಗ್ರಾಹಕರ ಮೇಲೆ ನನಗೆ ಸಿಟ್ಟು. ಪೊಟ್ಟಣದ ಮೇಲೆ ಬಾಯಿಗೆ ಬಂದಷ್ಟು ವ್ಯಾಟ್ ಅಚ್ಚು ಹಾಕಿ, ಆ ಸದ್ದು ಎಲ್ಲಿಯವರೆಗೆ ಒಡೆಯದೆ ಬರುತ್ತದೆಂದು ಹೇಳದ ತಯಾರಕರ ಮೇಲೆ ಇನ್ನೂ ಸಿಟ್ಟು. ಹಾಗಾಗಿ ಅಂಗಡಿಯಲ್ಲಿ ದೊಡ್ಡಮ್ಮನ ದನಿಯನ್ನೇ ಹಚ್ಚಿ ಪರೀಕ್ಷಿಸಿದೆ. ಸ್ಪೀಕರನ್ನು ಗೋಡೆಗೆ ಒತ್ತಿಟ್ಟೆ: ದನಿ ಉಬ್ಬಿತು. ಕೈಯಲ್ಲಿ ಎತ್ತಿ ಹಿಡಿದೆ: ತೆಳುವಾಯಿತು. ಪೂರ್ತಿ ಜೋರು ಮಾಡಿದಾಗ ಒಂದು ಡಬ್ಬ 'ಸ'ಕಾರ ಬಂದಲ್ಲೆಲ್ಲ ಸೀಳಿತು, ಇನ್ನೊಂದು ಗೊಗ್ಗರು ಹಿಡಿಯಿತು. ಕೊನೆಗೆ ಬೂದುಬಣ್ಣದ ಬಟ್ಟೆ ಹೊದಿಸಿದ, ನೆತ್ತಿಯಲ್ಲಿ ದಪ್ಪ ರಬ್ಬರಿನ ಗುಂಡಿಯಿದ್ದ ಅಗ್ಗದ ಡಬ್ಬವೊಂದು ದೊಡ್ಡಮ್ಮನ ದನಿಯನ್ನು ದೊಡ್ಡಮ್ಮನ ದನಿಯಾಗಿಯೇ ಕೊಟ್ಟಿತು. ಬೇಸು ಕಡಿಮೆ. ಮಾತು ನಿಚ್ಚಳ.

"ಇದನ್ನ ಯಾರೂ ಕೇಳಲ್ಲ ಮೇಡಂ," ಎಂದು ಅಂಗಡಿಯವನು ಅದನ್ನು ಕಟ್ಟಿಕೊಟ್ಟ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸು ನಿಂತೇ ಇದ್ದಷ್ಟು ಹೊತ್ತೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೆಮ್ಮೆಪಟ್ಟೆ.

ಅರಿಶಿನದ ದಿನ ಬೆಳಿಗ್ಗೆ ಚಪ್ಪರದ ಕೆಳಗೆ ದೊಡ್ಡಮ್ಮನ ಆ ಕಿರಿಯ ಮಗಳು, ನನಗೆ ಅಕ್ಕ, ಹಸೆಮಣೆಯ ಮೇಲೆ ಕುಳಿತಿದ್ದಳು. ಎದುರಿಗೆ ಚಾಪೆಯ ಮೇಲೆ ದೊಡ್ಡಮ್ಮನ ಹಿಂದೆ ಹಾಡುತ್ತ ಬಂದಿದ್ದ ಹೆಂಗಸರು. ಅವರಲ್ಲಿ ಮುಂದಿನವರು ನನ್ನ ಸೋದರತ್ತೆ. ದೊಡ್ಡಮ್ಮ ಕತ್ತಿಗೆ ಸೆರಗು ಸುತ್ತಿಕೊಂಡು, ತಮ್ಮ ಎಂದಿನ ಜಾಗದಲ್ಲೇ ಕುಳಿತಿದ್ದರು. ನಾನು ಸ್ಪೀಕರನ್ನು ಅಕ್ಕಿಯ ಮೂಟೆಯ ಮೇಲಿಟ್ಟು ಚಾಲೂ ಮಾಡಿದೆ. ಅದು ಮೊದಲು ತನ್ನದೇ ಹೆಣ್ಣುದನಿಯಲ್ಲಿ, ಫೋನಿಗೆ ಜೋಡಣೆಯಾಯಿತೆಂದು ಇಂಗ್ಲಿಷಿನಲ್ಲಿ ಕಿರುಚಿತು.

"ಯಾರೇ ಇವ್ಳು, ನಮಗಿಂತ ಮೊದ್ಲೇ ಸೊಲ್ಲು ಎತ್ತಿದ್ಲು? ಗಂಡಿನ ಕಡೆಯೋಳಾ?" ಎಂದರು ಅತ್ತೆ. ಚಪ್ಪರವೆಲ್ಲ ನಕ್ಕಿತು.

ಆಮೇಲೆ ದೊಡ್ಡಮ್ಮನ ದನಿ ಬಂತು. ಅಕ್ಕ ತಲೆ ಬಗ್ಗಿಸಿದಳು. ಸಾಲು ಮುಗಿದಾಗ ಹೆಂಗಸರು ಅದನ್ನು ಹಿಡಿಯಲು ಬಾಯಿ ತೆರೆದರು. ತೆರೆದ ಬಾಯಿಗೇ ಎರಡನೆಯ ಸಾಲು ಬಂದು ಬಿತ್ತು. ಅದನ್ನು ಹಿಡಿಯಹೋದರು, ಮೂರನೆಯದು ಶುರುವಾಗಿತ್ತು. ಕೆಲವರು ಹಿಂದುಳಿದರು, ಕೆಲವರು ಮುಂದೆ ಹಾರಿದರು. ಹಾಡು ಸಂತೆಯ ಗದ್ದಲವಾಯಿತು.

"ತಡೀರೇ, ಎಲ್ಲಿದ್ದೀವಿ ನಾವು?"

"ಅಕ್ಕ ಯಾವತ್ತೂ ಇಂಗೆ ಓಡ್ದೋಳಲ್ವಲ್ಲೇ! ಇಂದ್ಗಡೆ ಯಾರಾದ್ರೂ ಅಟ್ಟಿಸ್ಕೊಂಡ್ ಬತ್ತಾ ಅವ್ರಾ?" ಎಂದು ಇನ್ನೊಬ್ಬರು ದೊಡ್ಡಮ್ಮನ ಕಡೆ ನೋಡಿದರು.

"ಉಸ್ರು ಬಿಡಕ್ಕೂ ಬಿಡಲ್ವಲ್ಲ ಈ ಡಬ್ಬ!" ಎಂದು ಅತ್ತೆ ಅರಿಶಿನದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದರು.

"ಅದಕ್ಕೇ ನಾನು ಹೇಳಿದ್ದು. ಚೀಪ್ ಮಾಲು," ಎಂದ ಅಣ್ಣ.

"ಮೋಸ ಅಣ್ಣ ಇದು! ಅಂಗಡೀಲಿ ಚೆನ್ನಾಗೇ ಇತ್ತು. ಇದಕ್ಕೆ ಕಂಪನಿಯವರು ಉತ್ತರ ಕೊಡ್ಲೇಬೇಕು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಹಾಡನ್ನು ಮೊದಲಿನಿಂದ ಹಚ್ಚಿದೆ. ಮತ್ತೆ ಅದೇ ಗದ್ದಲ. ಹಾಡನ್ನು ನಿಲ್ಲಿಸಿ, ಚಪ್ಪರದ ಕಂಬಕ್ಕೆ ಒರಗಿ, ಸ್ಪೀಕರು ಮಾರುವ ಜಾಲತಾಣ ತೆರೆದು ಒಂದೇ ನಕ್ಷತ್ರ ಒತ್ತಿ ಬರೆದೆ: 'ಹಾಡನ್ನು ಅವಸರಿಸುತ್ತದೆ. ಮನುಷ್ಯರ ದನಿಗೆ ಯೋಗ್ಯವಲ್ಲ. ತಯಾರಕರು ಹೊಣೆ ಹೊರಬೇಕು.' ಕಳುಹಿಸಿಯೂ ಬಿಟ್ಟೆ.

ಅಷ್ಟರಲ್ಲಿ ಅಣ್ಣ ಅತ್ತೆಗೆ, "ಹೊತ್ತಾಗ್ತಾ ಇದೆ, ನೀವೇ ಎತ್ಕೊಂಡು ಹಾಡ್ಬಿಡಿ ಅತ್ತೆ," ಎನ್ನುತ್ತಿದ್ದ. ಅತ್ತೆ ದೊಡ್ಡಮ್ಮನ ಕಡೆ ನೋಡಿದರು. ಗಂಟಲು ಸರಿಮಾಡಿಕೊಂಡರು, ಆದರೆ ಹಾಡಲಿಲ್ಲ. ಹಸೆಯ ಮೇಲಿದ್ದ ಅಕ್ಕ, "ಅವ್ವ..." ಎಂದಳು, ಅಷ್ಟೆ.

ದೊಡ್ಡಮ್ಮ ತಲೆಯಲ್ಲಾಡಿಸಿದರು. ಕೈ ಚಾಚಿ ಸ್ಪೀಕರನ್ನು ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡರು. ನಾನು ಅಂಗಡಿಯಲ್ಲಿ ಒತ್ತಿ ನೋಡಿ, ಲೆಕ್ಕಕ್ಕೇ ಹಿಡಿಯದೆ ಬಿಟ್ಟಿದ್ದ ಆ ರಬ್ಬರಿನ ಗುಂಡಿಯನ್ನು ಹೆಬ್ಬೆರಳಿನಿಂದ ತಡವಿದರು. ಒತ್ತಿದರು. ಅವರ ದನಿ ಬಂತು. ಸಾಲು ಮುಗಿದ ಕೂಡಲೇ ಮತ್ತೆ ಒತ್ತಿದರು. ಸ್ಪೀಕರು ಸುಮ್ಮನಾಯಿತು. ದೊಡ್ಡಮ್ಮ ಹುಬ್ಬೆತ್ತಿ ಹೆಂಗಸರನ್ನು ನೋಡಿದರು.

ಅವರು ಸೊಲ್ಲು ಹಿಡಿದರು. ಪೂರ್ತಿ ಹಾಡಿದರು, ಎಳೆದು, ಉಸಿರು ತೆಗೆದುಕೊಂಡು. ದೊಡ್ಡಮ್ಮ ಒತ್ತಿದರು: ಮುಂದಿನ ಸಾಲು. ಒತ್ತಿದರು: ಹೆಂಗಸರ ಸರದಿ. ಎಡಗೈ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಅತ್ತೆಯ ಅರಿಶಿನದ ಕೈ ಮತ್ತೆ ಅಕ್ಕನ ಕೆನ್ನೆಗೆ ಹೋಯಿತು.

ಹಾಡು ಇದ್ದದ್ದು ನನ್ನ ಫೋನಿನಲ್ಲಿ. ಅವರು ಒತ್ತಿದಾಗಲೆಲ್ಲ ನನ್ನ ಕೈಯಲ್ಲಿದ್ದ ಪರದೆಯ ಮೇಲೆ ಹಾಡಿನ ಗುರುತು ನಿಲ್ಲುತ್ತಿತ್ತು, ಚಲಿಸುತ್ತಿತ್ತು. ಅದರ ಪಕ್ಕದಲ್ಲೇ, ಅಭಿಪ್ರಾಯಕ್ಕಾಗಿ ಧನ್ಯವಾದ ಎಂಬ ಜಾಲತಾಣದ ಸಂದೇಶ. ಅದು ಯಾರಿಗೂ ಕಾಣದಿರಲೆಂದು ಫೋನನ್ನು ಎದೆಗೆ ಒತ್ತಿಕೊಂಡೆ. ಅಣ್ಣ ನನ್ನ ಕಡೆ ನೋಡಿ, "ಸರಿಯಾಗೇ ಇದ್ಯಲ್ಲಮ್ಮ ಸ್ಪೀಕರು?" ಎಂದ. ಅದರಲ್ಲಿ ಚುಚ್ಚು ಕೂಡ ಇರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು.

ಅರಿಶಿನ ಮುಗಿದು ಹೆಂಗಸರು ಎಲೆಯಡಿಕೆಗೆ ಎದ್ದಾಗ ದೊಡ್ಡಮ್ಮ ಬೆರಳು ಮಡಚಿ ನನ್ನನ್ನು ಕರೆದರು. ಅವರ ಮಾತು ಕೇಳಬೇಕಾದರೆ ಬಾಯಿಗೆ ಕಿವಿ ಕೊಡಬೇಕಿತ್ತು.

"ನಾ ನಡುವೆ ಸುಮ್ಕಿದ್ನಲ್ಲ, ಅದ್ನ ಎಲ್ಲಿ ಮಡಗ್ದೆ?"

"ತೆಗೆದ್ಬಿಟ್ಟೆ ದೊಡ್ಡಮ್ಮ. ಅದರಲ್ಲಿ ಏನೂ ಇರಲಿಲ್ಲ..."

"ಇವ್ರಿಗೆ ಅಂತ ಬಿಟ್ಟಿದ್ದೆ ಕಣೇ."

ಅವರು ಬೈಯಲಿಲ್ಲ. ಕೇಳಿದ್ದಕ್ಕೆ ಉತ್ತರ ಬೇಕಿತ್ತು, ಅಷ್ಟೆ. ಅಂಥ ಪ್ರಶ್ನೆಗಳನ್ನು ಕಂಪನಿಗಳಿಗೆ, ಕಚೇರಿಗಳಿಗೆ ಕೇಳುವುದು ನನಗೆ ಗೊತ್ತಿತ್ತು; ಎದುರಿನವರು ತಡವರಿಸುವುದನ್ನು ಎಷ್ಟು ಚೆನ್ನಾಗಿ ವರ್ಣಿಸುತ್ತಿದ್ದೆ. ಹಳೆಯದರ ಮೇಲೆಯೇ ಹೊಸದನ್ನು ಉಳಿಸಿದ್ದೇನೆ, ಮಂಚದ ಕಿರುಗುಟ್ಟುವಿಕೆಯಾಗಲಿ ಅವರ ಉಸಿರಾಗಲಿ ಇನ್ನೆಲ್ಲೂ ಇಲ್ಲ ಎಂದು ಹೇಳಲು ನಾಲಗೆ ಹೊರಳಲಿಲ್ಲ.

ಮಧ್ಯಾಹ್ನ ಆ ಒಂದು ನಕ್ಷತ್ರದ ಅಭಿಪ್ರಾಯವನ್ನು ಅಳಿಸದೆ ತಿದ್ದಿದೆ. 'ತಪ್ಪು ಸ್ಪೀಕರಿನದಲ್ಲ, ನನ್ನದು. ಬೇಸು ಕಡಿಮೆ, ಮಾತು ಸ್ಪಷ್ಟ. ನಿಲ್ಲಿಸುವ ಗುಂಡಿ ದೊಡ್ಡದಾಗಿದೆ, ಒತ್ತಿದ ಕೂಡಲೇ ನಿಲ್ಲುತ್ತದೆ. ಕೊಟ್ಟ ಬೆಲೆಗಿಂತ ಹೆಚ್ಚಿನ ಮಾಲು.' ಬರೆದದ್ದು ಸರಿಯಾಗಿಯೇ ಇತ್ತು. ಅದರಿಂದ ಮುಖವೆತ್ತುವ ಧೈರ್ಯವೇನೂ ಬರಲಿಲ್ಲ.

ಸಂಜೆ ಆರತಿಯ ಹಾಡಿಗೆ ಹೆಂಗಸರು ಮತ್ತೆ ಚಾಪೆಯ ಮೇಲೆ ಸೇರಿದರು. ಸ್ಪೀಕರು ದೊಡ್ಡಮ್ಮನ ಮಡಿಲಿನಲ್ಲೇ ಇತ್ತು. ಅದನ್ನು ಅವರು ಯಾರಿಗೂ ಕೊಟ್ಟಿರಲಿಲ್ಲ. ನಾನು ಫೋನನ್ನು ಅವರ ಪಕ್ಕದಲ್ಲಿಟ್ಟು ಎದ್ದು ಹೋಗಲಿದ್ದೆ. ಅವರು ನನ್ನ ಮುಂಗೈ ಹಿಡಿದು ಎಳೆದು, ಅತ್ತೆಯ ಮಗ್ಗುಲಿಗೆ ಕೂರಿಸಿದರು.

"ನೀನೂ ಆಡೇ, ಬಾಯಿಲ್ವಾ?" ಎಂದರು ಅತ್ತೆ.

ಮೊದಲ ಸಾಲು ಬಂತು. ಅದರ ಒಂದೊಂದು ಅಕ್ಷರವೂ ನನಗೆ ಗೊತ್ತಿತ್ತು; ಕತ್ತರಿಸುವಾಗ ಅಷ್ಟು ಸಲ ಕೇಳಿದ್ದೆ. ಸಾಲು ಮುಗಿಯಿತು. ದೊಡ್ಡಮ್ಮ ಗುಂಡಿ ಒತ್ತಿ, ಹುಬ್ಬೆತ್ತಿ, ಈ ಸಲ ನನ್ನನ್ನೇ ನೋಡಿದರು. ಸುತ್ತ ಎಲ್ಲರೂ ಸೊಲ್ಲು ಹಿಡಿದರು. ನಾನು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಹೆಂಗಸರ ಸರದಿ ಮುಗಿದರೂ ಅವರು ಒತ್ತಲಿಲ್ಲ; ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ನನಗಾಗಿ ಕಾದರು.