ಸೊನ್ನೆ ಬಿಟ್ಟು ಎಣಿಸಿದ ಮೇಡಂ

ಅಂದು ಹುಳುಗಳಿಗೆ ಚಳಿಯಾಗಿರಲಿಲ್ಲ. ಕರೆಂಟ್ ಹೋಗಿತ್ತು, ಅಷ್ಟೇ. ಅದನ್ನು ಕಂಡುಹಿಡಿದವಳು ಜಂಗಮಕೋಟೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದಿದ್ದ ಕಂಪ್ಯೂಟರ್ ಮೇಡಂ. ಫೋನಿನಲ್ಲಿ ಪಾಠ ಹೇಳುವಾಗಲೂ ಅಕ್ಕಿಯಲ್ಲಿ ಕಲ್ಲು ಹೆಕ್ಕುವವಳಂತೆ ಗಾಳಿಯಲ್ಲಿ ಬೆರಳಾಡಿಸುತ್ತಿದ್ದಳು. "ಮೊದ್ಲು ಆರಿಸ್ಕೊಳ್ಳಿ, ಆಮೇಲೆ ಬದಲಾಯಿಸಿ" ಎನ್ನುವುದು ಅವಳ ಬಾಯಿಪಾಠ.

ನಮ್ಮ ರೇಷ್ಮೆಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಕಳೆದು ಎದ್ದಿದ್ದವು. ಹುಳುಮನೆಯ ಶಾಖ ಅಳೆಯುವ ಪೆಟ್ಟಿಗೆಯ ಸರಾಸರಿ ತೀರಾ ಕಡಿಮೆಯೆಂದು ಮಗನ ಫೋನ್ ತೋರಿಸಿತು. ಮಾಗಿಯ ಸಂಜೆ, ನಮ್ಮ ಮೈಗೂ ಎಲ್ಲವೂ ತಣ್ಣಗೇ ಅನಿಸುತ್ತಿತ್ತು. ಅವನು ಇದ್ದಿಲಿನ ಒಲೆ ಹಚ್ಚಲು ಹೊರಟ. ಬೇಡದ ಶಾಖ ತಗುಲಿದರೆ ಇಡೀ ಬೆಳೆಯೇ ಹೋಗುತ್ತದೆ.

"ತಡೀರಣ್ಣ, ಕರೆಂಟ್ ಹೋದಾಗೆಲ್ಲ ಪೆಟ್ಟಿಗೆ ಲೆಕ್ಕದಲ್ಲಿ ಸೊನ್ನೆ ಬಿದ್ದಿದೆ. ಅದೂ ಸರಾಸರಿಗೆ ಸೇರ್ಕೊಂಡಿದೆ" ಎಂದಳು ಮೇಡಂ.

"ಹುಳ ಸತ್ರೆ ನಿಮ್ ಕಂಪ್ಯೂಟರ್ ಗೂಡು ಕಟ್ಟುತ್ತಾ?" ಎಂದ ಮಗ.

ಅವಳು ಲ್ಯಾಪ್‌ಟಾಪ್ ತೆರೆದು, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದೇ ಒಂದು ಸಾಲು ಬರೆದಳು. ಸೊನ್ನೆಯಲ್ಲದ ಅಂಕಿಗಳನ್ನಷ್ಟೇ ಆರಿಸಿ, ಪ್ರತಿಯೊಂದನ್ನೂ ಫ್ಯಾರನ್‌ಹೀಟ್‌ನಿಂದ ಸೆಲ್ಸಿಯಸ್‌ಗೆ ಬದಲಿಸಿ, ಹೊಸ ಪಟ್ಟಿ ಮಾಡುವ ಸಾಲಂತೆ ಅದು. ಆ ಪಟ್ಟಿಯ ಸರಾಸರಿ ಇಪ್ಪತ್ತೈದು ಡಿಗ್ರಿ ಬಂತು. ಹುಳುಗಳಿಗೆ ಬೇಕಾದದ್ದೇ ಅಷ್ಟು.

ಮಗ ಬೆಂಕಿಪೊಟ್ಟಣ ಜೇಬಿಗೆ ಹಾಕಿಕೊಂಡ. "ಸದ್ಯ, ಬದುಕಿದ್ವು" ಎಂದು ನಾನು ಅಲ್ಲೇ ಕುಳಿತುಬಿಟ್ಟೆ.

ಮರುದಿನ ಬೆಳಿಗ್ಗೆ ಸೊಪ್ಪು ಹಾಕಿದರೆ ಎಲ್ಲವೂ ಚರಚರ ತಿಂದವು. ಕೈ ತೊಳೆದು ಮೇಡಂ ಕೋಣೆಯ ಬಾಗಿಲು ತಟ್ಟಿ, "ಏಳಮ್ಮ, ರಾಗಿರೊಟ್ಟಿ ಬಿಸಿಯಾಗಿದೆ, ಬಾ" ಎಂದೆ.